ತಪ್ಪಿ ಹುಟ್ಟಿದ ಪದಗಳು

ಒಬ್ಬ ಮುದಿ ಪಾದ್ರಿ. ಲ್ಯಾಟಿನ್ ಜ್ಞಾನ ಅಷ್ಟಕ್ಕಷ್ಟೆ. ಪ್ರಸಾದ ಸ್ವೀಕರಿಸಿದ ಮೇಲೆ ಹೇಳುವ ಪ್ರಾರ್ಥನೆಯಲ್ಲಿ ‘ಸಂಪ್ಸಿಮಸ್’ ಎಂಬ ಮಾತು ಬರುತ್ತದೆ. ‘ಸೇವಿಸಿದೆವು’ ಎಂದು ಅರ್ಥ. ಈತ ಅದನ್ನು ವರ್ಷಾನುಗಟ್ಟಲೆ ‘ಮಂಪ್ಸಿಮಸ್’ ಎಂದೇ ಹೇಳಿಕೊಂಡು ಬಂದಿದ್ದ. ಲ್ಯಾಟಿನ್ನಿನಲ್ಲಿ ಅಂಥ ಪದವೇ ಇಲ್ಲ. ಯಾರೋ ತಿದ್ದಲು ಹೋದರು. ನಿಮ್ಮ ಹೊಸ ಸಂಪ್ಸಿಮಸ್‌ಗಾಗಿ ನನ್ನ ಹಳೆಯ ಮಂಪ್ಸಿಮಸ್ ಬಿಡಲಾರೆ ಎಂದುಬಿಟ್ಟನಂತೆ ಪುಣ್ಯಾತ್ಮ.

ಎರಾಸ್ಮಸ್ ಈ ಕಥೆಯನ್ನು 1516ರ ಪತ್ರವೊಂದರಲ್ಲಿ ಹೇಳಿದ್ದಾನೆ. ಮರುವರ್ಷ ಇಂಗ್ಲೆಂಡಿನ ರಿಚರ್ಡ್ ಪೇಸ್ ಅದನ್ನು ತನ್ನ ಪುಸ್ತಕಕ್ಕೆ ಸೇರಿಸಿದ. 1545ರಲ್ಲಿ ಎಂಟನೇ ಹೆನ್ರಿ ಪಾರ್ಲಿಮೆಂಟಿನಲ್ಲಿ ಮಾತಾಡುತ್ತ, ಕೆಲವರು ಮಂಪ್ಸಿಮಸ್ ಬಿಡುತ್ತಿಲ್ಲ, ಕೆಲವರು ಸಂಪ್ಸಿಮಸ್ ಹಿಂದೆ ಬಿದ್ದಿದ್ದಾರೆ ಎಂದು ಪಾದ್ರಿಗಳನ್ನು ತರಾಟೆಗೆ ತೆಗೆದುಕೊಂಡ. ಅರಸನ ಬಾಯಲ್ಲಿ ಬಂದ ಮೇಲೆ ಕೇಳಬೇಕೆ? ಪದ ಇಂಗ್ಲಿಷಿಗೆ ಸೇರಿಹೋಯಿತು. ತಪ್ಪೆಂದು ತೋರಿಸಿಕೊಟ್ಟರೂ ಬಿಡದವನು ಮಂಪ್ಸಿಮಸ್. ಅವನು ಬಿಡದ ತಪ್ಪೂ ಮಂಪ್ಸಿಮಸ್. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ಅವರು ಒಂದೇ ಪದದಲ್ಲಿ ಹೆಸರಿಟ್ಟುಕೊಂಡರು.

ಹಳೆಯ ಇಂಗ್ಲಿಷ್ ಪದಗಳ ಹುಚ್ಚು ಹಿಡಿದವರು ಸಾಮಾನ್ಯವಾಗಿ ಉದ್ದುದ್ದ ಪದಗಳಿಗೆ ಮರುಳಾಗುತ್ತಾರೆ. ಉಸಿರು ಕಟ್ಟಿ ಉಚ್ಚರಿಸಿ ತೋರಿಸುವ ಆ ಸರ್ಕಸ್ಸಿನಲ್ಲಿ ನನಗೆ ರುಚಿಯಿಲ್ಲ. ಯಾರದೋ ಕಿವಿ ತಪ್ಪಿ, ಕೈ ತಪ್ಪಿ ಹುಟ್ಟಿ, ಆಮೇಲೆ ಯಾರಿಗೂ ಅನುಮಾನ ಬಾರದಂತೆ ಬಾಳಿದ ಪದಗಳೇ ನನಗೆ ಇಷ್ಟ.

ಕಿವಿ ತಪ್ಪಿದ್ದರಲ್ಲಿ ಎನ್ ಅಕ್ಷರದ ಕಿತಾಪತಿ ಅತಿ ದೊಡ್ಡದು. ಇಂಗ್ಲಿಷಿನಲ್ಲಿ ವ್ಯಂಜನದ ಮುಂದೆ ‘ಎ’, ಸ್ವರದ ಮುಂದೆ ‘ಆ್ಯನ್’ ಬರುತ್ತದಷ್ಟೆ. ಆಡುವಾಗ ಎರಡೂ ಪದಗಳು ಅಂಟಿಕೊಳ್ಳುತ್ತವೆ. ಸಂಧಿ ತಪ್ಪಾಗಿ ಬಿಡಿಸಿದರೆ ನಮ್ಮ ಮೇಷ್ಟ್ರು ಅಂಕ ಕಳೆಯುತ್ತಿದ್ದರು. ಅಲ್ಲಿ ಊರಿಗೆ ಊರೇ ತಪ್ಪಾಗಿ ಬಿಡಿಸಿತು, ಅದೇ ಸರಿಯಾಯಿತು. ‘ಎ ನೇಪ್ರನ್’ ಕೇಳಿದವರು ‘ಆ್ಯನ್ ಏಪ್ರನ್’ ಎಂದುಕೊಂಡರು. ಮೂಲ ಫ್ರೆಂಚಿನ ‘ನಾಪ್’, ಅಂದರೆ ಮೇಜಿನ ಬಟ್ಟೆ. ಅದೇ ಮನೆತನದ ನ್ಯಾಪ್‌ಕಿನ್ ತನ್ನ ಎನ್ ಉಳಿಸಿಕೊಂಡಿತು, ಏಪ್ರನ್ ಕಳೆದುಕೊಂಡಿತು. ಆ್ಯಡರ್ ಎಂಬ ವಿಷದ ಹಾವು ಮೊದಲು ನ್ಯಾಡರ್ ಆಗಿತ್ತು.

ಇವುಗಳಲ್ಲೆಲ್ಲ ಸೊಗಸಾದದ್ದು ಅಂಪೈರ್. ಅದು ‘ನೌಂಪೇರ್’, ಹಳೆಯ ಫ್ರೆಂಚಿನ ‘ನಾನ್‌ಪೇರ್’, ಜೋಡಿಯಿಲ್ಲದವನು. ವ್ಯಾಜ್ಯದಲ್ಲಿ ಎರಡೂ ಕಡೆಯ ಪಂಚರು ಹಗ್ಗಜಗ್ಗಾಟಕ್ಕೆ ನಿಂತಾಗ ಮಾತು ಮುಗಿಸಲು ಕರೆಸುತ್ತಿದ್ದ ಮೂರನೆಯವನು ಅವನು. ಕ್ರಿಕೆಟ್ಟು ಅವನನ್ನು ಮೈದಾನಕ್ಕೆ ಎಳೆದದ್ದು ಎಷ್ಟೋ ಕಾಲದ ಮೇಲೆ. ಹಾಗೆ ನೋಡಿದರೆ ಟೀವಿ ಮುಂದೆ ಕೂತ ಥರ್ಡ್ ಅಂಪೈರ್ ಮೂರನೆಯವರಲ್ಲೂ ಮೂರನೆಯವನು!

ಉಲ್ಟಾ ಕಳ್ಳತನವೂ ಆಗಿದೆ. ‘ಈಕ್’ ಅಂದರೆ ಹೆಚ್ಚಿನದು, ಜೊತೆಗಿನದು. ಹುಟ್ಟುಹೆಸರಿನ ಜೊತೆ ಇಟ್ಟ ಇನ್ನೊಂದು ಹೆಸರು ‘ಆ್ಯನ್ ಈಕ್‌ನೇಮ್’. ಅದು ಎನ್ ಕದ್ದು ‘ನಿಕ್‌ನೇಮ್’ ಆಯಿತು. ಆದರೆ ‘ಆರೆಂಜ್’ ಎನ್ ಕಳೆದುಕೊಂಡ ಪಾಪವನ್ನು ಇಂಗ್ಲಿಷರ ತಲೆಗೆ ಕಟ್ಟಬೇಡಿ. ನಮ್ಮ ಕಡೆಯ ‘ನಾರಂಗ’ ಪರ್ಷಿಯಾ, ಅರಬ್ ದೇಶ ದಾಟಿ ಹೋದ ಮೇಲೆ ಯುರೋಪಿನಲ್ಲೆಲ್ಲೋ ತಲೆ ಬೋಳಿಸಿಕೊಂಡೇ ಇಂಗ್ಲೆಂಡಿಗೆ ಬಂತು. ಅದಕ್ಕೆ ದ್ರಾವಿಡ ಮೂಲ ಇರಬಹುದೆಂಬ ಊಹೆ ವಿದ್ವಾಂಸರಲ್ಲಿದೆ. ಕಂಪು ಎಂಬರ್ಥದ ತಮಿಳಿನ ‘ನಱು’ವನ್ನು ತೋರಿಸುತ್ತಾರೆ. ಅದರ ನಂಟಿನ ನಮ್ಮ ‘ನಾರು’ ಈಗ ದುರ್ವಾಸನೆಗಷ್ಟೇ ಉಳಿದಿದೆ.

ಕೈ ತಪ್ಪಿದ ಪದಗಳಿಗೆ ‘ದೆವ್ವದ ಪದ’ ಎಂದು ಹೆಸರು ಕೊಟ್ಟವನು ವಾಲ್ಟರ್ ಸ್ಕೀಟ್, 1886ರಲ್ಲಿ. ಯಾರೂ ಎಂದೂ ಆಡದ, ಅಚ್ಚಿನ ತಪ್ಪಿನಿಂದಷ್ಟೇ ಕಾಣಿಸಿಕೊಂಡ ಪದ. ಸ್ಕೀಟ್ ಕೊಟ್ಟ ಒಂದು ಉದಾಹರಣೆ ನಮ್ಮ ಮೇಲೆಯೇ ಇದೆ. 1808ರ ‘ಎಡಿನ್‌ಬರೋ ರಿವ್ಯೂ’ ಹಿಂದೂಗಳ ಹರಕೆಗಳನ್ನು ವರ್ಣಿಸುತ್ತ, ಕೆಲವರು ಕೊಕ್ಕೆ ಚುಚ್ಚಿಕೊಂಡು ಸಿಡಿ ಆಡುತ್ತಾರೆ, ಕೆಲವರು ಕೈಗೆ ‘ಕೈಮ್ಸ್’ ಚುಚ್ಚಿಕೊಳ್ಳುತ್ತಾರೆ ಎಂದು ಬರೆಯಿತು. ಓದಿದ ಸಾಹೇಬರು ಕೈಮ್ಸ್ ಎಂದರೆ ಯಾವುದೋ ಭಯಂಕರ ಆಯುಧ ಎಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ಅದು ಬರೀ ‘ನೈವ್ಸ್’, ಚಾಕುಗಳು. ಒತ್ತೊತ್ತಾದ ಗೀಟುಗಳನ್ನು ಮೊಳೆ ಜೋಡಿಸುವವನು ಬೇರೆ ಥರ ಓದಿಕೊಂಡಿದ್ದ.

ಇನ್ನೊಂದು ಇನ್ನೂ ಸ್ವಾರಸ್ಯದ್ದು. ವಾಲ್ಟರ್ ಸ್ಕಾಟ್‌ನ ‘ದಿ ಮೊನಾಸ್ಟರಿ’ ಕಾದಂಬರಿಯಲ್ಲಿ (1820) ಒಬ್ಬ ಕೊಲೆಯ ಯೋಚನೆಗಳನ್ನು ‘ಮಾರ್ಸ್’ ಮಾಡುತ್ತಾನೆ. ಹಾಗೆಂದರೇನು ಎಂದು ಓದುಗರಲ್ಲಿ ಚರ್ಚೆ ಎದ್ದಿತು. ಒಬ್ಬರು ಬಂದೂಕಿಗೆ ಮದ್ದು ತುಂಬುವುದಕ್ಕೆ ಗಂಟು ಹಾಕಿದರು, ಇನ್ನೊಬ್ಬರು ಲ್ಯಾಟಿನ್ನಿನ ‘ಕಚ್ಚು’ ಧಾತುವಿನಿಂದ ಬಿಡಿಸಿದರು. ಸ್ಕಾಟ್ ಬರೆದದ್ದು ‘ನರ್ಸ್’: ಮನಸ್ಸಿನಲ್ಲಿ ಸಾಕುವುದು! ಪಾಂಡಿತ್ಯ ಇದ್ದವರಿಗೆ ಯಾವ ತಪ್ಪಿಗೂ ವ್ಯುತ್ಪತ್ತಿ ಸಿಕ್ಕೇ ಸಿಗುತ್ತದೆ.

ನಿಘಂಟುಗಳೂ ಬಚಾವಾಗಿಲ್ಲ. ಸಾಂದ್ರತೆಯ ಸಂಕ್ಷೇಪವಾಗಿ ದೊಡ್ಡ ಡಿ ಅಥವಾ ಸಣ್ಣ ಡಿ ಬಳಸಬಹುದು ಎಂದು ಸೂಚಿಸುವ ಒಂದು ಚೀಟಿ 1931ರಲ್ಲಿ ಅಮೆರಿಕದ ವೆಬ್‌ಸ್ಟರ್ ನಿಘಂಟಿನ ಕಚೇರಿಯೊಳಗೆ ಹೊರಟಿತು. ‘ಡಿ ಆರ್ ಡಿ’ ಎಂದು ಬಿಡಿಬಿಡಿಯಾಗಿ ಟೈಪಾಗಿತ್ತು. ಮುಖ್ಯ ಪದಗಳನ್ನೂ ಅಲ್ಲಿ ಅಕ್ಷರ ಬಿಡಿಸಿಯೇ ಟೈಪ್ ಮಾಡುವ ರೂಢಿ. ಹೀಗಾಗಿ ಎಲ್ಲ ಕೂಡಿ ‘ಡಾರ್ಡ್’ ಆಯಿತು. ಉಚ್ಚಾರಣೆಯನ್ನೂ ಕೊಟ್ಟು, ಸಾಂದ್ರತೆ ಎಂದು ಅರ್ಥ ಬರೆದು 1934ರಲ್ಲಿ ಅಚ್ಚು ಹಾಕಿದರು. 1939ರಲ್ಲಿ ಒಬ್ಬ ಸಂಪಾದಕ, ಈ ಪದಕ್ಕೆ ವ್ಯುತ್ಪತ್ತಿ ಯಾಕಿಲ್ಲ ಎಂದು ಹುಡುಕಲು ಹೊರಟಾಗಲೇ ಗುಟ್ಟು ರಟ್ಟಾದದ್ದು. ಡಾರ್ಡ್ ಹೋಯಿತು. ನನಗಂತೂ ಬೇಸರವೇ, ಕಿವಿಗೆ ತೂಕವಾಗಿ ಬೀಳುವ ಒಳ್ಳೆಯ ಪದವಾಗಿತ್ತು.

ಡಾರ್ಡ್‌ಗಿಲ್ಲದ ಅದೃಷ್ಟ ಸಿಲಬಸ್‌ಗೆ ಇತ್ತು. ಮಕ್ಕಳ ಬೆನ್ನ ಮೇಲೆ ಕೂತಿರುವ ಅದೇ ಸಿಲಬಸ್. ರೋಮಿನ ಸಿಸೆರೊ ಗೆಳೆಯ ಅಟ್ಟಿಕಸ್‌ಗೆ ಪತ್ರ ಬರೆದು, ತನ್ನ ಪುಸ್ತಕದ ಸುರುಳಿಗಳಿಗೆ ಹೆಸರಿನ ಚೀಟಿ ಅಂಟಿಸಲು ಒಂದಿಬ್ಬರು ಆಳುಗಳನ್ನು ಕಳಿಸು ಎಂದು ಕೇಳುತ್ತಾನೆ. ಚರ್ಮದ ಆ ಚೀಟಿಗೆ ಗ್ರೀಕಿನಲ್ಲಿ ‘ಸಿಟ್ಟುಬಾ’. 1470ರ ದಶಕದಲ್ಲಿ ಆ ಪತ್ರಗಳನ್ನು ಅಚ್ಚು ಹಾಕಿದಾಗ ಅದು ‘ಸಿಲ್ಲಬೋಸ್’ ಎಂದು ಮೂಡಿತು. ಪಂಡಿತರು ಸುಮ್ಮನಿರಲಿಲ್ಲ, ಒಟ್ಟುಗೂಡಿಸು ಎಂಬ ಗ್ರೀಕ್ ಕ್ರಿಯಾಪದವೊಂದನ್ನು ಹುಡುಕಿ ಅದಕ್ಕೆ ಅಪ್ಪ ಎಂದು ಗೊತ್ತುಮಾಡಿದರು. ಅದರ ಬಹುವಚನ ‘ಸಿಲಬೈ’ಯೋ ‘ಸಿಲಬಸಸ್’ಸೋ ಎಂದು ಇಂಗ್ಲಿಷ್ ಮೇಷ್ಟ್ರುಗಳು ಇವತ್ತಿಗೂ ಜಗಳವಾಡುತ್ತಾರೆ.