ಗಣಕದ ಕಾಲಗತಿ

1984ರಲ್ಲಿ ಭಾರತ ಸರ್ಕಾರವು ‘ಕ್ಲಾಸ್’ ಎಂಬ ಹೆಸರಿನ ಗಣಕಶಿಕ್ಷಣ ಯೋಜನೆಯನ್ನು ಕೈಗೊಂಡು, ಮೊದಲ ಹಂತದಲ್ಲಿ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಬ್ರಿಟಿಷ್ ಗೃಹಗಣಕವನ್ನು ಒದಗಿಸಿದಾಗ, ನಮ್ಮ ದೇಶದ ಅನೇಕ ವಿದ್ಯಾರ್ಥಿಗಳು ಗಣಕದ ಮುಖವನ್ನು ಮೊತ್ತಮೊದಲು ಕಂಡದ್ದು ಆ ಪೆಟ್ಟಿಗೆಯಲ್ಲಿಯೇ. ಕೇಂಬ್ರಿಜ್ಜಿನ ಏಕಾರ್ನ್ ಸಂಸ್ಥೆಯು 1981ರ ಡಿಸೆಂಬರಿನಲ್ಲಿ ಹೊರತಂದ ಈ ಯಂತ್ರವು ಶಾಲೆಗಳಿಂದ ನಿರ್ಗಮಿಸಿ ದಶಕಗಳೇ ಕಳೆದಿದ್ದರೂ, ಅದನ್ನು ಮಮತೆಯಿಂದ ಉಳಿಸಿಕೊಂಡವರು ಇಂದಿಗೂ ಅದಕ್ಕೆ ಹೆಚ್ಚಿನ ಮೆಮೊರಿಯನ್ನು, ಎರಡನೆಯ ಪ್ರೊಸೆಸರನ್ನು, ಫ್ಲಾಪಿಯ ಸ್ಥಾನದಲ್ಲಿ ಮೆಮೊರಿ ಕಾರ್ಡನ್ನು ಜೋಡಿಸುತ್ತಲೇ ಇದ್ದಾರೆ. ಹೀಗೆ ಜೋಡಿಸಿದ ಮೇಲೆ ಕೆಲವೊಮ್ಮೆ ಯಂತ್ರವು ಮೂಕವಾಗುತ್ತದೆ. ಕೆಲವೊಮ್ಮೆ, ಅದಕ್ಕಿಂತಲೂ ದುಸ್ಸಹವಾಗಿ, ಕೊಂಚ ಹೊತ್ತು ನೆಟ್ಟಗೆ ನಡೆದು, ಅನಂತರ ತೆರೆಯ ಮೇಲೆ ಅಕ್ಷರಗಳನ್ನು ಚೆಲ್ಲಾಪಿಲ್ಲಿಯಾಗಿಸಿ ನಿಂತುಬಿಡುತ್ತದೆ. ಇಂಥ ವ್ಯಾಧಿಗಳಲ್ಲಿ ಅನೇಕವುಗಳ ಮೂಲವು, ಯಂತ್ರದ ಭಾಗಗಳೆಲ್ಲಕ್ಕೂ ತಾಳ ಹಾಕುವ ಕ್ಲಾಕ್ ಸಂಕೇತದಲ್ಲಿರುತ್ತದೆ. ಆ ಮೂಲವನ್ನು ಅರಸುವ ಈಗಿನ ರೂಢಿಯು ಎಷ್ಟರಮಟ್ಟಿಗೆ ಯುಕ್ತವೆಂಬುದೇ ಇಲ್ಲಿಯ ವಿಚಾರ.

ಈ ಗಣಕದ ಕಾಲವ್ಯವಸ್ಥೆಯು ರಚನಾಸೌಷ್ಠವದಿಂದ ಪ್ರಶಂಸಾರ್ಹವಾದುದು. 16 ಮೆಗಾಹರ್ಟ್ಸಿನಲ್ಲಿ ಕಂಪಿಸುವ ಒಂದು ಕ್ರಿಸ್ಟಲ್, ಅದರ ಕಂಪನವನ್ನು 8, 4, 2, 1 ಮೆಗಾಹರ್ಟ್ಸುಗಳಾಗಿ ಭಾಗಿಸಿ ಕೊಡುವ ವಿಡಿಯೋ ಯುಎಲ್‌ಎ ಎಂಬ ಚಿಪ್, 2 ಮೆಗಾಹರ್ಟ್ಸಿನಲ್ಲಿ ನಡೆಯುವ 6502ಎ ಪ್ರೊಸೆಸರು, ಪ್ರೊಸೆಸರು ಮೆಮೊರಿಯನ್ನು ಮುಟ್ಟದ ಅರ್ಧಾವಧಿಯಲ್ಲಿ ತೆರೆಗೆ ಬೇಕಾದ ಚಿತ್ರವನ್ನು ಅದೇ ಮೆಮೊರಿಯಿಂದ ಓದಿಕೊಳ್ಳುವ ವಿಡಿಯೋ ಭಾಗ — ಇವೆಲ್ಲವೂ ಒಂದೇ ಗತಿಗೆ ಬದ್ಧವಾಗಿ, ಯಾವ ಕ್ಷಣವೂ ವ್ಯರ್ಥವಾಗದಂತೆ ನಡೆಯುತ್ತವೆ. ಆದರೆ ವ್ಯರ್ಥಕ್ಕೆ ಎಡೆಯಿಲ್ಲದಲ್ಲಿ ಸಡಿಲಕ್ಕೂ ಎಡೆಯಿರುವುದಿಲ್ಲ. ಹೇಮಾವತಿಗೆ ಅಡ್ಡಲಾಗಿ ಕಟ್ಟಿದ ಮಂದಗೆರೆಯ ಅಣೆಯಿಂದ ನಾಲೆಗೆ ಹರಿದ ನೀರು ತೂಬಿನ ಬದಿಯ ಗದ್ದೆಗೆ ಸೇರಿದ ಹೊತ್ತಿಗೇ ಕಡೆಯ ಗದ್ದೆಗೆ ಸೇರುವುದಿಲ್ಲವೆಂಬುದನ್ನೂ, ನಡುವೆ ಯಾರಾದರೂ ಹೊಸ ಕಾಲುವೆಯನ್ನು ತೋಡಿದರೆ ಕಡೆಯವನಿಗೆ ಇನ್ನಷ್ಟು ತಡವಾಗುವುದೆಂಬುದನ್ನೂ ನಮ್ಮ ಕೃಷ್ಣರಾಜಪೇಟೆಯ ಸೀಮೆಯ ಒಕ್ಕಲಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕ್ಲಾಕಿನ ಸ್ಥಿತಿಯೂ ಹಾಗೆಯೇ. ಹೊಸದಾಗಿ ಸೇರಿದ ಪ್ರತಿಯೊಂದು ಬೋರ್ಡೂ ಕ್ಲಾಕಿನ ತಂತಿಯ ಮೇಲೆ ಭಾರವನ್ನು ಹೇರುತ್ತದೆ. ಸಂಕೇತವು ದಾಟುವ ಎಲ್‌ಎಸ್ ಜಾತಿಯ ಒಂದೊಂದು ಗೇಟೂ ಸುಮಾರು 10 ನ್ಯಾನೋಸೆಕೆಂಡಿನ ವಿಳಂಬವನ್ನು ಕೂಡಿಸುತ್ತದೆ. ಆವರ್ತವೊಂದು 500 ನ್ಯಾನೋಸೆಕೆಂಡಿನಷ್ಟು ದೀರ್ಘವಾಗಿರುವಾಗ ಈ ವಿಳಂಬವು ಉಪೇಕ್ಷಣೀಯವೆಂದು ತೋರಬಹುದು. ಆದರೆ ಬರೆಯುವಾಗ ಕ್ಲಾಕ್ ಇಳಿದ ಬಳಿಕ ಪ್ರೊಸೆಸರು ತನ್ನ ಮಾಹಿತಿಯನ್ನು ತಂತಿಯ ಮೇಲೆ ಹಿಡಿದಿರುವುದಾಗಿ ಕೊಡುವ ಭರವಸೆಯು ಸುಮಾರು 30 ನ್ಯಾನೋಸೆಕೆಂಡಿನದು ಮಾತ್ರ. ಮೂರು ಗೇಟುಗಳನ್ನು ದಾಟುವಷ್ಟರಲ್ಲಿ ಆ ಭರವಸೆ ತೀರಿಹೋಗುತ್ತದೆ.

ಈ ಯಂತ್ರದ ಜನನವೇ ಇಂಥದೊಂದು ತೊಡಕಿನಲ್ಲಿ ಆಯಿತೆಂಬುದು ಗಮನಾರ್ಹ. ಏಕಾರ್ನಿನ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಮೊದಲಾದವರು ಬಿಬಿಸಿಯವರಿಗೆ ತೋರಿಸಲೆಂದು ಒಂದೇ ವಾರದಲ್ಲಿ, ನಿದ್ರೆಗೆಟ್ಟು ನಿರ್ಮಿಸಿದ ಮೊದಲ ಮಾದರಿಯು ಕಡೆಯ ಗಳಿಗೆಯವರೆಗೂ ನಡೆಯಲೊಲ್ಲದೆ ಇದ್ದಾಗ, ಅದನ್ನು ಪರೀಕ್ಷಾಯಂತ್ರಕ್ಕೆ ಬಂಧಿಸಿದ್ದ ತಂತಿಯನ್ನು ಕತ್ತರಿಸಿ ಅದರ ಸ್ವಂತ ಕ್ಲಾಕಿಗೆ ಬಿಡಿರೆಂದು ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಹರ್ಮನ್ ಹೌಸರ್ ಸೂಚಿಸಿದರಂತೆ. ಕತ್ತರಿಸಿದೊಡನೆ ಯಂತ್ರ ನಡೆಯಿತೆಂದು ಅದನ್ನು ಕಟ್ಟಿದವರೇ ಸ್ಮರಿಸಿಕೊಂಡಿದ್ದಾರೆ. ದೋಷವು ಯಾವ ಚಿಪ್ಪಿನಲ್ಲಿಯೂ ಇರಲಿಲ್ಲ. ಸಹಾಯಕ್ಕೆಂದು ಜೋಡಿಸಿದ ತಂತಿಯಲ್ಲಿಯೇ ಇತ್ತು.

ಇಷ್ಟಾದರೂ ಇಂದಿನ ದುರಸ್ತಿಯಲ್ಲಿ ಪ್ರಬಲವಾಗಿರುವ ಪದ್ಧತಿಯೆಂದರೆ ಚಿಪ್ಪುಗಳನ್ನು ಒಂದೊಂದಾಗಿ ಬದಲಿಸುತ್ತ ಹೋಗುವುದು. ಅದರಿಂದ ಫಲ ಕಾಣದಿದ್ದರೆ ಕ್ಲಾಕ್ ತಂತಿಗೂ ಗ್ರೌಂಡಿಗೂ ನಡುವೆ ಸಣ್ಣ ಕೆಪಾಸಿಟರೊಂದನ್ನು ಬೆಸೆದು, ಯಂತ್ರ ನಡೆದರೆ ಅಲ್ಲಿಗೆ ಕೈತೊಳೆದುಕೊಳ್ಳುವುದು. ಈ ಎರಡನೆಯ ಉಪಾಯವನ್ನು ನಾನು ಖಂಡಿತವಾಗಿ ನಿರಾಕರಿಸುತ್ತೇನೆ. ಕೆಪಾಸಿಟರು ಸಂಕೇತದ ಏರಿಳಿತವನ್ನು ಮಂದಗೊಳಿಸಿ, ಈ ಬೋರ್ಡಿನಲ್ಲಿ, ಈ ಉಷ್ಣತೆಯಲ್ಲಿ, ಈ ತಯಾರಕನ ಚಿಪ್ಪಿನೊಡನೆ ಮಾತ್ರ ಹೊಂದಿಕೊಳ್ಳುವ ಒಂದು ಆಕಸ್ಮಿಕ ಸಮತೋಲವನ್ನು ತರುತ್ತದೆಯೇ ಹೊರತು ವ್ಯಾಧಿಯ ಕಾರಣವನ್ನು ತಿಳಿಸುವುದಿಲ್ಲ. ಚೈತ್ರ ವೈಶಾಖಗಳ ನಮ್ಮ ಬೇಗೆಯಲ್ಲಿ, ಸ್ವಭಾವತಃ ಬಿಸಿಯಾಗುವ ಆ ಯುಎಲ್‌ಎ ಇನ್ನಷ್ಟು ಕಾದಾಗ, ಆ ಸಮತೋಲ ಕೆಡುತ್ತದೆ. ಇದಕ್ಕೆ ಪ್ರತಿಯಾಗಿ, ಸಂಕೇತವು ಹೊರಡುವ ತುದಿಯಲ್ಲಿಯೇ ಸರಣಿಯಾಗಿ ಅಲ್ಪಮೌಲ್ಯದ ರೆಸಿಸ್ಟರನ್ನು ಇಡುವುದು ಸಕಾರಣವಾದ ಚಿಕಿತ್ಸೆ. ಅದು ತಂತಿಯ ತುದಿಗೆ ತಾಗಿ ಮರಳುವ ಅಲೆಯನ್ನು ಹೀರಿಕೊಳ್ಳುತ್ತದೆ.

ಯುಕ್ತವಾದ ಕ್ರಮವು ಇದಕ್ಕಿಂತ ನಿಧಾನವಾದುದು. ಹೊಸದಾಗಿ ಸೇರಿಸಿದುದೆಲ್ಲವನ್ನೂ ಕಳಚಿ ಯಂತ್ರವನ್ನು ಮೊದಲಿನ ಸ್ಥಿತಿಗೆ ತರಬೇಕು, ಅನಂತರ ಪವರ್ ಸಪ್ಲೈಯ ಬಾಯಲ್ಲಲ್ಲ, ಚಿಪ್ಪಿನ ಕಾಲುಗಳಲ್ಲಿಯೇ 5 ವೋಲ್ಟನ್ನು ಅಳೆಯಬೇಕು, 4.75ಕ್ಕಿಂತ ಕೆಳಗಿಳಿದಿದ್ದರೆ ಕ್ಲಾಕನ್ನು ದೂರುವುದು ಅನ್ಯಾಯ. ಅಲ್ಲಿಂದ ಕ್ರಿಸ್ಟಲ್, ಯುಎಲ್‌ಎ, ಪ್ರೊಸೆಸರು ಎಂಬ ಪ್ರವಾಹಕ್ರಮದಲ್ಲಿಯೇ ಕೆಳಗಿಳಿಯಬೇಕು. ತೆರೆಯಲ್ಲಿ ಬಣ್ಣ ಮಾತ್ರ ಮಾಯವಾಗಿದ್ದರೆ ಅದು ಬೇರೆಯ ಮಾತು, ಬಣ್ಣಕ್ಕೆ 17.73 ಮೆಗಾಹರ್ಟ್ಸಿನ ಪ್ರತ್ಯೇಕ ಕ್ರಿಸ್ಟಲಿದೆ.

ಅಳೆಯುವ ಉಪಕರಣವೂ ನಿರ್ದೋಷಿಯಲ್ಲ. ಆಸಿಲೋಸ್ಕೋಪಿನ ಪ್ರೋಬನ್ನು ಒಂದರ ಸ್ಥಾನದಲ್ಲಿ ಇಟ್ಟರೆ ಅದು ತಂತಿಯ ಮೇಲೆ ಸುಮಾರು 100 ಪೈಕೋಫ್ಯಾರಡ್ ಭಾರವನ್ನು ಹೇರುತ್ತದೆ, ಹತ್ತರ ಸ್ಥಾನದಲ್ಲಿ ಹದಿನೈದರ ಆಸುಪಾಸು. ಕ್ರಿಸ್ಟಲಿನ ಕಾಲನ್ನು ಮುಟ್ಟಿದ ಮಾತ್ರಕ್ಕೆ ಕಂಪನ ನಿಂತುಹೋಗುವುದೂ ಉಂಟು. ಪ್ರೋಬಿನ ಗ್ರೌಂಡ್ ತಂತಿ ಉದ್ದವಾಗಿದ್ದರಂತೂ ಬೋರ್ಡಿನಲ್ಲಿಲ್ಲದ ಅಲುಗಾಟವು ಪರದೆಯ ಮೇಲೆ ಕಾಣಿಸಿಕೊಳ್ಳುತ್ತದೆ. ಬಿಡಿಭಾಗಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಯವರೆಗೂ ಹೋಗಬೇಕಾದ ನಮ್ಮಂಥ ತಾಲ್ಲೂಕಿನವನಿಗೆ ಇಂತಹ ಮಿಥ್ಯಾದರ್ಶನದಿಂದಾಗುವ ನಷ್ಟವು ಸಣ್ಣದಲ್ಲ.

ಪ್ರೊಸೆಸರನ್ನೇ ಬದಲಿಸುವವರು ಇನ್ನೂ ಎಚ್ಚರದಿಂದಿರಬೇಕು. ಡಬ್ಲ್ಯುಡಿಸಿ ಸಂಸ್ಥೆಯ ಈಗಿನ 65ಸಿ02 ಹಳೆಯ ಸಾಕೆಟ್ಟಿನಲ್ಲಿ ಕೂರುವುದಾದರೂ, ಹಳೆಯದರಲ್ಲಿ ಗ್ರೌಂಡ್ ಆಗಿದ್ದ ಒಂದನೆಯ ಕಾಲು ಹೊಸದರಲ್ಲಿ ಸಂಕೇತವನ್ನು ಹೊರಗೆ ಕೊಡುವ ಕಾಲು. ಹಳೆಯ ಬೋರ್ಡುಗಳು ನೆಚ್ಚಿಕೊಂಡಿರುವ, ಪ್ರೊಸೆಸರಿನಿಂದ ಹೊರಬರುವ ಕ್ಲಾಕುಗಳನ್ನು ಬಳಸಬೇಡಿರೆಂದು ತಯಾರಕರೇ ಸಲಹೆ ಕೊಡುತ್ತಾರೆ.

ನಿರ್ಮಾತೃಗಳ ಮೇಲೂ ಒಂದು ಆಕ್ಷೇಪಣೆಯನ್ನು ಹೊರಿಸದೆ ವಿಧಿಯಿಲ್ಲ. ಹೊರಗಿನ ಉಪಕರಣಗಳಿಗೆಂದು ಅವರು ಇಟ್ಟ 1 ಮೆಗಾಹರ್ಟ್ಸ್ ಬಸ್ಸಿನಲ್ಲಿ, ಪ್ರೊಸೆಸರು ತನ್ನ ಆವರ್ತವನ್ನು ಹಿಗ್ಗಿಸಿಕೊಂಡು ಮಂದಗತಿಯ ಉಪಕರಣಕ್ಕಾಗಿ ಕಾಯುವ ಏರ್ಪಾಡು ಸುಂದರವಾದುದೇ. ಆದರೆ ಮಂದ ಕ್ಲಾಕು ಇನ್ನೂ ಮೇಲಿರುವಾಗಲೇ ವಿಳಾಸ ಬದಲಾದರೆ, ಆಯ್ಕೆಯ ತಂತಿಯಲ್ಲಿ ಕ್ಷಣಿಕವಾದ ಹುಸಿ ಸ್ಪಂದನವೊಂದು ಹುಟ್ಟಿ, ಕರೆಯದ ಉಪಕರಣವೂ ಓಗೊಡಬಹುದು. ಈ ಹುಸಿ ಸ್ಪಂದನವನ್ನು ತೊಡೆಯುವ ಶೋಧಕ ಮಂಡಲವನ್ನು ಯಂತ್ರದೊಳಗೆ ಇಡದೆ, ಉಪಕರಣ ನಿರ್ಮಿಸುವವರ ಹೊಣೆಗೆ ಬಿಟ್ಟರು. ಬ್ರೇ, ಡಿಕನ್ಸ್, ಹೋಮ್ಸ್ ಎಂಬ ಮೂವರು 1983ರಲ್ಲಿ ಪ್ರಕಟಿಸಿದ ‘ಅಡ್ವಾನ್ಸ್ಡ್ ಯೂಸರ್ ಗೈಡ್’ ಈ ವಿಷಯವನ್ನು ಬಹಿರಂಗವಾಗಿಯೇ ವಿವರಿಸಿರುವುದರಿಂದ, ಇಂದು ಕೆಲವು ಬಿಡಿಭಾಗಗಳ ಖರ್ಚನ್ನು ಉಳಿಸಲೆಂದು ಆ ಮಂಡಲವನ್ನು ಕೈಬಿಟ್ಟು ಬೋರ್ಡು ಮಾರುವವರು, ತಮ್ಮ ಸರಕು ಕೆಟ್ಟಾಗ ಹಳೆಯ ಯಂತ್ರದ ಮುಪ್ಪನ್ನು ಹಳಿಯುವುದಕ್ಕೆ ಅಧಿಕಾರಿಗಳಲ್ಲ.