ವೀಕ್ ಮನೆತನದ ಪಿಯಾನೊ ಪಾಠ

ಪಿಯಾನೊ ಮೇಷ್ಟ್ರ ಯೋಗ್ಯತೆಯನ್ನು ಅವರ ಪದವಿಯಿಂದ ಅಳೆಯುವುದು ರೂಢಿ. ಜರ್ಮನಿಯ ಲೈಪ್‌ಜಿಗ್‌ನಲ್ಲಿದ್ದ ಫ್ರೀಡ್ರಿಶ್ ವೀಕ್ ಆ ಅಳತೆಗೆ ಸಿಗುವವರಲ್ಲ. ಅವರು ಓದಿದ್ದು ದೇವತಾಶಾಸ್ತ್ರ. ಪಿಯಾನೊ ಬಹುಮಟ್ಟಿಗೆ ಸ್ವಂತ ಕಲಿಕೆ. ಜೊತೆಗೆ ಪಿಯಾನೊ ವ್ಯಾಪಾರವೂ ಇತ್ತು. ತಾವೇ ತಡವರಿಸಿ ಕಲಿತದ್ದರಿಂದಲೇ ಇರಬೇಕು, ಕಲಿಸುವ ಕ್ರಮವನ್ನು ಬುಡದಿಂದ ಯೋಚಿಸಿದರು. ಮುಂದೆ ಹೆಸರಾಂತ ಪಿಯಾನೊ ವಾದಕಿಯಾದ ಮಗಳು ಕ್ಲಾರಾಗೆ ಸ್ವರಲಿಪಿಗಿಂತ ಮೊದಲು ಕಿವಿಯಿಂದ ಹಿಡಿದು ನುಡಿಸುವ ಸಣ್ಣ ತುಣುಕುಗಳನ್ನು ಕೊಟ್ಟರು. ವಾದ್ಯ ಹಾಡಬೇಕು ಎಂದು ಪಟ್ಟು ಹಿಡಿದರು. 1853ರ ಅವರ ಪುಸ್ತಕದ ಹೆಸರಿನಲ್ಲೇ ಪಿಯಾನೊ ಮತ್ತು ಗಾಯನ ಜೋಡಿಯಾಗಿವೆ. ಸಂಗೀತ ತಾಯಿಯ ಕಡೆಯಿಂದಲೂ ಬಂದಿತ್ತು: ಕ್ಲಾರಾ ಅವರ ತಾಯಿ ಮರಿಯಾನೆ ಗಾಯಕಿಯೂ ಪಿಯಾನೊ ವಾದಕಿಯೂ ಹೌದು, ಕೊಳಲು ವಾದಕ ಟ್ರೊಮ್ಲಿಟ್ಸ್ ಅವರ ಮೊಮ್ಮಗಳು.

ಹಾಗಾಗಿ ಕ್ಲಾರಾ ಯಶಸ್ಸು ಒಂದು ಅಪರೂಪದ ಮಗುವಿನ ಪ್ರತಿಭೆಯಷ್ಟೇ ಎನ್ನಬಹುದು. ಆದರೆ ಇನ್ನೊಬ್ಬ ಮಗಳು ಮರೀ, ಶಿಷ್ಯ ಹಾನ್ಸ್ ಫಾನ್ ಬ್ಯೂಲೋ ಕೂಡ ಅದೇ ಪಾಠ ಪಡೆದು ಹೆಸರು ಮಾಡಿದರು. ವೀಕ್ ಕಠೋರ ತಂದೆ, ಕ್ಲಾರಾ ಮದುವೆ ತಡೆಯಲು ಕೋರ್ಟಿನಲ್ಲಿ ಹೋರಾಡಿದವರು ಎಂಬ ಆಕ್ಷೇಪ ನಿಜವೇ. ಮನೆಯೇ ಪಾಠಶಾಲೆಯಾದರೆ ಮಗುವಿಗೆ ಗುರುವಿನಿಂದ ಬಿಡುವಿಲ್ಲ. ಆದರೂ ಆ ಕಠೋರತೆ ಆ ಮನುಷ್ಯನ ದೋಷ, ಆ ಪಾಠಕ್ರಮದ್ದಲ್ಲ. 1878ರಲ್ಲಿ ಫ್ರಾಂಕ್‌ಫರ್ಟಿನ ಹೋಖ್ ಸಂಗೀತ ಶಾಲೆಗೆ ಶಿಕ್ಷಕಿಯಾಗಿ ಸೇರಿದ ಕ್ಲಾರಾ ತಮ್ಮ ಹೆಣ್ಣುಮಕ್ಕಳಾದ ಮರೀ, ಯೂಜೆನಿ ಇಬ್ಬರನ್ನೂ ಸಹಾಯಕ ಶಿಕ್ಷಕಿಯರನ್ನಾಗಿ ಜೊತೆಗಿಟ್ಟುಕೊಂಡರು. ವಿದ್ಯೆ ಮೂರನೆಯ ತಲೆಮಾರಿಗೆ ಇಳಿಯಿತು. ಆದ್ದರಿಂದ ಮೇಷ್ಟ್ರನ್ನು ಎಲ್ಲಿ ಕಲಿತಿರಿ ಎನ್ನುವುದಕ್ಕಿಂತ, ಏನನ್ನು ಕೇಳಿಸಿಕೊಳ್ಳಲು ಕಲಿತಿರಿ ಎಂದು ವಿಚಾರಿಸುವುದೇ ಸರಿ.