ಐಸ್ ಕ್ಯೂಬನ ಮೊದಲ ಸ್ವತಂತ್ರ ಧ್ವನಿಮುದ್ರಿಕೆ: ಭವಿಷ್ಯವಾಣಿಯೋ, ಸಾಕ್ಷ್ಯವೋ?

ಲಾಸ್ ಏಂಜಲೀಸ್ ನಗರದ ರ‍್ಯಾಪ್ ಗಾಯಕನಾದ ಐಸ್ ಕ್ಯೂಬನ ‘ಅಮೆರಿಕಾಸ್ ಮೋಸ್ಟ್ ವಾಂಟೆಡ್’ ಎಂಬ ಧ್ವನಿಮುದ್ರಿಕೆ 1990ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಎನ್.ಡಬ್ಲ್ಯು.ಎ. ತಂಡದ ಮುಖ್ಯ ಪದಕರ್ತರಲ್ಲೊಬ್ಬನಾಗಿದ್ದ ಈತನು ಹಣಕಾಸಿನ ವಿವಾದದ ಕಾರಣ ಆ ತಂಡವನ್ನು ತೊರೆದ ಮೇಲೆ ಸ್ವತಂತ್ರವಾಗಿ ರಚಿಸಿದ ಮೊದಲ ಕೃತಿಯಿದು. ಆಗ ಆತನಿಗೆ ಇಪ್ಪತ್ತೊಂದು ವರ್ಷ ತುಂಬಿರಲಿಲ್ಲ. ದೇಶದ ಹೆಸರಿನಲ್ಲಿರುವ ‘ಸಿ’ ಅಕ್ಷರದ ಸ್ಥಾನದಲ್ಲಿ ಮೂರು ‘ಕೆ’ಗಳನ್ನಿರಿಸಿ, ಕು ಕ್ಲಕ್ಸ್ ಕ್ಲಾನ್ ಎಂಬ ವರ್ಣದ್ವೇಷಿ ಸಂಘವನ್ನು ಸೂಚಿಸಿರುವುದರಿಂದ ಕೃತಿಯ ಧೋರಣೆ ಶೀರ್ಷಿಕೆಯಲ್ಲಿಯೇ ವ್ಯಕ್ತವಾಗುತ್ತದೆ.

ಈ ಕೃತಿಯನ್ನು ಭವಿಷ್ಯವಾಣಿಯೆಂದು ಹೊಗಳುವ ವಾಡಿಕೆಯುಂಟು. 1991ರ ಮಾರ್ಚ್ 3ರಂದು ಪೊಲೀಸರು ರಾಡ್ನಿ ಕಿಂಗನನ್ನು ಥಳಿಸಿದ ದೃಶ್ಯವನ್ನು ಜಗತ್ತು ಕಂಡಿತು. 1992ರ ಏಪ್ರಿಲ್ 29ರಂದು ಆ ಪೊಲೀಸರ ವಿಚಾರಣೆಯ ತೀರ್ಪು ಹೊರಬಿದ್ದೊಡನೆ ನಗರ ಹೊತ್ತಿ ಉರಿದು ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಇದೆಲ್ಲವನ್ನೂ ಗಾಯಕನು ಮೊದಲೇ ಕಂಡಿದ್ದನೆಂದು ನಾನೂ ತರಗತಿಯಲ್ಲಿ ಹೇಳಿದ್ದುಂಟು. ಆ ಅಭಿಪ್ರಾಯ ತಪ್ಪೆಂದು ಈಗ ನನಗೆ ತೋರುತ್ತದೆ. 1965ರಲ್ಲಿ ಅದೇ ನಗರದ ವಾಟ್ಸ್ ಪ್ರದೇಶದ ದಂಗೆಯಲ್ಲಿ 34 ಮಂದಿ ಸತ್ತಿದ್ದರು. 1988ರ ಏಪ್ರಿಲ್‌ನ ಒಂದು ವಾರಾಂತ್ಯದಲ್ಲಿ ಪೊಲೀಸರು ‘ಆಪರೇಷನ್ ಹ್ಯಾಮರ್’ ಎಂಬ ಕಾರ್ಯಾಚರಣೆಯಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಬಂಧಿಸಿದ್ದರು. ಗಾಯಕನು ಹೇಳಿದ್ದು ಮುಂದಾಗಲಿರುವುದನ್ನಲ್ಲ, ನೆರೆಹೊರೆಯವರೆಲ್ಲ ಬಲ್ಲ ಸಂಗತಿಯನ್ನು. ಅದೇ ವರ್ಷ ಹತ್ತು ಲಕ್ಷ ಪ್ರತಿಗಳ ಮನ್ನಣೆ ಪಡೆದ ಮುದ್ರಿಕೆಯನ್ನು ಯಾರೂ ಕೇಳಿರಲಿಲ್ಲವೆನ್ನಲಾಗದು. ಸಾಕ್ಷ್ಯವನ್ನು ಭವಿಷ್ಯವಾಣಿಯೆಂದು ಕರೆದರೆ, ಕೇಳಿಯೂ ಸುಮ್ಮನಿದ್ದವರ ಹೊಣೆಯನ್ನು ಇಳಿಸಿದಂತಾಗುತ್ತದೆ.

ಕೃತಿಯ ರಚನೆಯೂ ಇದನ್ನೇ ಸಮರ್ಥಿಸುತ್ತದೆ. ನ್ಯೂಯಾರ್ಕಿನ ‘ಪಬ್ಲಿಕ್ ಎನಿಮಿ’ ತಂಡದ ಸಂಗೀತ ನಿರ್ಮಾಪಕರಾದ ‘ಬಾಂಬ್ ಸ್ಕ್ವಾಡ್’ ಬಳಗದವರು ಹಳೆಯ ಮುದ್ರಿಕೆಗಳ ತುಣುಕುಗಳನ್ನು ಪದರಪದರವಾಗಿ ಜೋಡಿಸಿ ಬೀದಿಯ ಗದ್ದಲವನ್ನೇ ಸಂಗೀತವಾಗಿಸಿದ್ದಾರೆ. ಹಾಡುಗಳ ನಡುವಣ ಒಂದು ಕಿರುಪ್ರಸಂಗದಲ್ಲಿ ಗುಂಡಿನ ಸದ್ದಿನ ತರುವಾಯ ವಾರ್ತಾವಾಚಕನ ಧ್ವನಿ ಕೇಳಿಬರುತ್ತದೆ. ಆ ಪ್ರದೇಶದ ಹಿಂಸೆ ತಮ್ಮನ್ನು ತಟ್ಟದ್ದರಿಂದ ಹೊರಗಿನವರು ಅದನ್ನು ಲೆಕ್ಕಿಸಲಿಲ್ಲವೆಂಬುದು ಆ ವಾರ್ತೆಯ ತಾತ್ಪರ್ಯ. ಇತಿಹಾಸಕಾರನಿಗೆ ಇದಕ್ಕಿಂತ ಮಿಗಿಲಾದ ಆಧಾರ ಬೇಕಿಲ್ಲ.

ಆದರೆ ಸಾಕ್ಷ್ಯವೆಂದು ಒಪ್ಪಿದ ಮೇಲೆ ಸಾಕ್ಷಿಯ ದೋಷವನ್ನೂ ಪರೀಕ್ಷಿಸಬೇಕಾಗುತ್ತದೆ. ಸ್ತ್ರೀಯರ ವಿಷಯದಲ್ಲಿ ಈ ಹಾಡುಗಳ ತಿರಸ್ಕಾರ ಕಟುವಾದುದು. ಕಾಲಧರ್ಮವೆಂದು ಅದನ್ನು ಮರೆಮಾಚುವುದು ಸಲ್ಲದು. ‘ಇಟ್ಸ್ ಎ ಮ್ಯಾನ್ಸ್ ವರ್ಲ್ಡ್’ ಎಂಬ ಹಾಡಿನಲ್ಲಿ ಯೋ-ಯೋ ಎಂಬ ಗಾಯಕಿ ಆತನಿಗೆ ಮಾತಿಗೆ ಮಾತು ಕೊಡುತ್ತಾಳೆ. ನಮ್ಮ ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಪದಗಳ ವಾದವನ್ನು ಕೇಳಿದವರಿಗೆ ಈ ಸವಾಲ್-ಜವಾಬಿನ ಸೊಗಸು ಒಡನೆಯೇ ತಿಳಿಯುತ್ತದೆ. ಆದರೆ ಅಲ್ಲಿ ಎರಡು ಪಕ್ಷಗಳಿಗೂ ಸಮನಾದ ಅವಕಾಶವುಂಟು. ಇಲ್ಲಿ ಅವಳ ಪಾಲಿಗೆ ಬಂದಿರುವುದು ಒಂದೇ ಹಾಡು. ಪೊಲೀಸರ ಲಾಠಿಯನ್ನು ಅಷ್ಟು ಸ್ಪಷ್ಟವಾಗಿ ಕಂಡ ಕಣ್ಣು ತನ್ನದೇ ಬೀದಿಯ ಹೆಣ್ಣಿನ ನೋವನ್ನು ಕಾಣಲಿಲ್ಲ.

ಈ ಕುರುಡು ಕೂಡ ಆ ಕಾಲದ ಇತಿಹಾಸದ ಭಾಗವೇ ಆಗಿದೆ. ನನ್ನ ಮೆಚ್ಚಿನ ಕೃತಿಗಳಲ್ಲಿ ಇದು ಇಂದಿಗೂ ಒಂದು. ಆದರೆ ವಿದ್ಯಾರ್ಥಿಗಳ ಮುಂದಿಡುವಾಗ ಇದರ ಎರಡು ಮುಖಗಳನ್ನೂ ತೋರಿಸತಕ್ಕದ್ದು.